ಯಾರೂ ತೆಗೆಯದ ಬೋರ್ಡು

ಸಮ್ರೀನ್ ಚೊಂಬಿಗೆ ಕೈ ಹಾಕಿದ್ದೇ ತಡ, ನಾದಿನಿ ಮಹೆವಿಶ ಅದನ್ನು ಕಸಿದುಕೊಂಡಳು.

"ಮೂರು ದಿನ ನೀರು ಕೊಡ್ಲಾರದಾಕಿ ಈಗ ನೀರು ಹಾಕಬ್ಯಾಡ."

ಅಡ್ಡ ಕಟ್ಟಿದ ಚಾದರದ ಹಿಂದೆ, ಹಲಗೆಯ ಮೇಲೆ ಅತ್ತೆ ಸೈದಾನಬಿಯ ಹೆಣವಿತ್ತು. ವಾಡಿ ಊರಿನ ಆ ಓಣಿಯಲ್ಲಿ ಸತ್ತ ಹೆಂಗಸರಿಗೆಲ್ಲ ಗುಸುಲ್, ಕೊನೆಯ ಸ್ನಾನ, ಮಾಡಿಸುತ್ತಿದ್ದವಳು ಅವಳೇ. ಯಾರ ಮನೆಗೂ ಒಲ್ಲೆ ಎಂದವಳಲ್ಲ. ಆ ಕೆಲಸವನ್ನು ಸೊಸೆಗೆ ಮಾತ್ರ ಕಲಿಸಿ, "ನನಗ ನೀನೇ ಮಾಡಿಸಬೇಕು ನೋಡು" ಎಂದಿದ್ದಳು. ಈಗ ಶಹಾಬಾದಿನಿಂದ ಬಂದ ಮಗಳು ಆ ಸೊಸೆಯನ್ನೇ ಮುಟ್ಟಗೊಡುತ್ತಿಲ್ಲ.

"ಆಪಾ, ದವಾಖಾನ್ಯಾಗೇ ಕೊಡಬ್ಯಾಡ ಅಂದಿದ್ರು."

"ಅವ್ರು ಅಂತಾರ. ಅಮ್ಮಿ ಬಾಯಿ ಬಾಯಿ ಬಿಡೂದು ನಿನಗ ಕಾಣಲಿಲ್ಲೇನು?"

ಗುಸುಲಿಗೆಂದು ಸೇರಿದ್ದ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎಲುಬಿಲ್ಲದ ನಾಲಿಗೆ ಬೇರೆ. ಸಂಜೆಯೊಳಗೆ ರೈಲ್ವೆ ಸ್ಟೇಷನ್ನಿನ ತನಕ ಸುದ್ದಿ ಮುಟ್ಟುವುದಿತ್ತು, ಸೊಸೆ ಅತ್ತೆಯನ್ನು ಉಪವಾಸ ಕೆಡವಿ ಕೊಂದಳಂತೆ ಎಂದು.

ಹೊರಗಿನಿಂದ ಸೈದಾನಬಿಯ ಮಗ, ಸಮ್ರೀನಳ ಗಂಡ ಇಮ್ರಾನ್ ಕೂಗಿದ. "ಲಗೂ ಮುಗಸ್ರಿ, ಮಧ್ಯಾಹ್ನದ ಜೋಹರ್ ನಮಾಜಿಗಿ ಒಯ್ಯಬೇಕು."

ಆಗಲೇ ಆಸ್ಪತ್ರೆಯ ನರ್ಸ್ ಲುಂಬಿನಿ ಬಾಗಿಲಲ್ಲಿ ಬಂದು ನಿಂತಳು. ಗುತ್ತಿಗೆ ನೌಕರಿ, ಬಾಯಿ ಮುಚ್ಚಿಕೊಂಡಿರು ಎಂದು ಜೊತೆಯವರು ಬೆಳಿಗ್ಗೆಯೇ ಎಚ್ಚರಿಸಿದ್ದರು. ಆದರೂ ಬಂದಿದ್ದಳು.

*

ಒದ್ದೆ ಫರಸಿ ಕಲ್ಲಿನ ನೆಲದ ಮೇಲೆ ಜಾರಿ ಸೈದಾನಬಿಯ ಸೊಂಟದ ಎಲುಬು ಮುರಿದಿತ್ತು. ಇಂಥವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬಾರದೆಂದು ಆಸ್ಪತ್ರೆಗೆ ಹೊಸ ಪದ್ಧತಿ ಬಂದಿತ್ತು. ಎರಡು ದಿನದೊಳಗೆ ಆಪರೇಷನ್ ಆಗಬೇಕು, ಒಂದೊಂದು ಕೆಲಸಕ್ಕೂ ಹಾಳೆಯಲ್ಲಿ ಗಂಟೆ ಬರೆದು ಸಹಿ ಮಾಡಬೇಕು. ಉಂಡ ಹೊಟ್ಟೆಯ ನೆಪದಲ್ಲಿ ಆಪರೇಷನ್ ತಪ್ಪದಿರಲೆಂದು ಮಂಚಕ್ಕೆ ಕೆಂಪು ಬೋರ್ಡು: ಏನೂ ಕೊಡಬೇಡಿ. ಒಳ್ಳೆಯ ಪದ್ಧತಿಯೇ. ಬೋರ್ಡನ್ನು ಯಾರು ಹಾಕಬೇಕೆಂದು ಬರೆದಿತ್ತು, ಯಾರು ತೆಗೆಯಬೇಕೆಂದು ಬರೆದಿರಲಿಲ್ಲ.

ಅರಿವಳಿಕೆ ಡಾಕ್ಟರು ಕಲಬುರಗಿಯಿಂದ ಬರಲಿಲ್ಲ. ಆಪರೇಷನ್ ನಾಳೆಗೆ ಹೋಯಿತು, ಮತ್ತೆ ನಾಳೆಗೆ ಹೋಯಿತು. ಸಲಾಯಿನ್ ಆಗೊಮ್ಮೆ ಈಗೊಮ್ಮೆ ಹನಿಯುತ್ತಿತ್ತು, ಬೋರ್ಡು ಇದ್ದಲ್ಲೇ ಇತ್ತು.

"ಸಿಸ್ಟರ್, ಅಮ್ಮಿ ನೀರು ಬೇಡಾಕತ್ತಾರ. ಒಂದು ಗುಟುಕು ಕೊಡ್ಲೇನ್ರಿ?" ಎಂದು ಸಮ್ರೀನ್ ಕೇಳಿದ್ದಳು.

ಲುಂಬಿನಿ ನಿಲ್ಲದೆ ಹೇಳಿದ್ದಳು. "ಬೋರ್ಡು ನೋಡ್ರಿ ಅಕ್ಕಾರ. ಹನಿ ಸೈತ ಬ್ಯಾಡ."

ನಾಲ್ಕನೆಯ ದಿನ ಬೆಳಿಗ್ಗೆ ಸೈದಾನಬಿ ಕಣ್ಣು ತೆರೆಯಲಿಲ್ಲ.

*

"ಈಕೀದು ತಪ್ಪಿಲ್ರಿ" ಎಂದಳು ಲುಂಬಿನಿ, ಬಾಗಿಲಲ್ಲೇ ನಿಂತು. "ಆಪರೇಷನ್ ಮುಂದಕ್ಕ ಹೋದ ಕೂಡ್ಲೇ ಬೋರ್ಡು ತೆಗದು ಊಟ ಕೊಡಬೇಕಿತ್ತು. ನಾ ತೆಗೀಲಿಲ್ಲ. ಈಕಿ ಬಂದು ಕೇಳಿದ್ಳು, ನಾನೇ ಬ್ಯಾಡ ಅಂದೆ."

ಮಹೆವಿಶ ಎದ್ದು ಹತ್ತಿರ ಬಂದಾಗ ಕಪಾಳಕ್ಕೆ ಬಿತ್ತೆಂದೇ ಲುಂಬಿನಿ ತಿಳಿದಳು.

"ಇದೇ ಮಾತು ದವಾಖಾನ್ಯಾಗ ಹೇಳ್ತೀಯೇನು?"

"ಬರದು ಕೊಟ್ಟೇ ಬಂದೀನ್ರಿ."

"ಹಂಗಾದ್ರ ಹೊರಗ ನಡಿ. ನಿನ್ನ ಮುಖ ನೋಡೂದು ನನ್ನಿಂದ ಆಗೂದಿಲ್ಲ."

ಲುಂಬಿನಿ ತಲೆ ತಗ್ಗಿಸಿ ಹೊರನಡೆದಳು. ಮಹೆವಿಶ ಚೊಂಬನ್ನು ಸಮ್ರೀನಳ ಕೈಗಿಟ್ಟು, ತಾಯಿಯ ಕಾಲಿನ ಕಡೆಗೆ ಸರಿದು ಕುಳಿತಳು.

"ತಲಿ ಕಡೆ ನೀ ಕುಂದ್ರು ಸಮ್ರೀನ್. ನನಗ ಏನೂ ಬರೂದಿಲ್ಲ, ಹೇಳಿಕೊಡು."

ಸಮ್ರೀನ್ ಬೆರಳಿಗೆ ಒದ್ದೆ ಹತ್ತಿ ಸುತ್ತಿಕೊಂಡು, ಅತ್ತೆ ಕಲಿಸಿದ್ದಂತೆ, ಬಾಯಿಯನ್ನು ಮೆಲ್ಲಗೆ ಒರೆಸಿದಳು. ತುಟಿಯ ಒಡಕುಗಳಲ್ಲಿ ನೀರು ಸ್ವಲ್ಪ ಹೊತ್ತು ನಿಂತಿತು.