ಐವತ್ತಾರನೆಯ ನಿಮಿಷ

ರೊಟ್ಟಿ ಒಲೆಯೊಳಗೆ ಹೋದ ಮೇಲೆ ಅತ್ತೆ ಒಂದು ಜಪಮಾಲೆ ಮುಗಿಸಿದ್ದರು. ಇನ್ನೆರಡು ಮುಗಿದರೆ ರೊಟ್ಟಿ ಬೆಂದ ಹಾಗೆ. ಆ ಮನೆಯಲ್ಲಿ ಗಡಿಯಾರ ಇರಲಿಲ್ಲ. ಒಂದು ಜಪಮಾಲೆಗೆ ಕಾಲು ಗಂಟೆ. ಮದುವೆಯಾಗಿ ಬಂದ ವಾರದಲ್ಲೇ ಲಿಯೊಕಾದಿ ಈ ಲೆಕ್ಕ ಕಲಿತಿದ್ದಳು.

ಕಮ್ಮಾರ ಒನೆಸಿಮ್ ಬಾಗಿಲು ತಟ್ಟದೆ ಒಳಗೆ ಬಂದ. ಬೂಟಿನ ಮಂಜನ್ನೂ ಒದರಿರಲಿಲ್ಲ.

"ತಂಗೀ, ಆನ್ಸೆಲ್ಮನ ದೋಣಿ ಬೇಕಿತ್ತು."

ಅವಳು ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಯಾಕೆ ಎಂದು ಕೇಳಲಿಲ್ಲ. ಗಂಡ ಆನ್ಸೆಲ್ಮ್ ಸತ್ತು ಹನ್ನೊಂದು ತಿಂಗಳು ಕಳೆದಿತ್ತು. ಅಷ್ಟು ದಿನವೂ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದಳು, ಅಷ್ಟೆ. ಅವನ ಕೊಡಲಿ ಹೋಯಿತು, ತುಪ್ಪಳದ ಟೋಪಿ ಹೋಯಿತು. ಈಗ ದೋಣಿ.

ಕೇಳಿದ್ದು ಅತ್ತೆ ಪೆಲಾಜಿ. "ನದಿಯ ಹಿಮಗಡ್ಡೆ ಬಿರೀತಾ ಇದೆ, ಅದರ ಮೇಲೆ ದೋಣಿ ಎಳ್ಕೊಂಡು ಹೋಗ್ತೀಯೇನೋ? ಈ ಮನೆಯಿಂದ ಒಬ್ಬನ್ನ ಮಣ್ಣು ಮಾಡಿದ್ದು ಸಾಲ್ದಾ?"

"ಆಚೆ ದಡದಲ್ಲಿ ನಮ್ಮೋರು ಮೂವತ್ತು ಜನ ನಿಂತಿದಾರೆ ಅಜ್ಜಿ. ಅವರು ಬರದಿದ್ರೆ ಇವತ್ತಿಗೆ ಚುನಾವಣೆ ಮುಗೀತು."

ಊರಿಗೆಲ್ಲ ಗೊತ್ತಿದ್ದ ವಿಷಯವೇ. ತಮ್ಮೂರು ಪ್ವಾಂತ್ ಗ್ರೀಸ್‌ನಿಂದ ಕೆಳಮನೆಗೆ ಆರಿಸಿಹೋಗಿದ್ದ ಸದಸ್ಯ ಚಳಿಗಾಲದಲ್ಲಿ ತೀರಿಕೊಂಡಿದ್ದ. ಕ್ವೆಬೆಕ್ಕಿನ ಮೇಲ್ಮನೆಯಲ್ಲಿ ಕೂತವರೆಲ್ಲ ಇಂಗ್ಲಿಷರ ರಾಜ್ಯಪಾಲ ಕೂರಿಸಿದ ಮರದ ವ್ಯಾಪಾರಿಗಳು, ಅವರ ಭಾವಂದಿರು, ಅಳಿಯಂದಿರು. ಕೆಳಮನೆಯೊಂದಕ್ಕೆ ಮಾತ್ರ ರೈತರು ತಮ್ಮವರನ್ನು ಕಳಿಸಬಹುದಿತ್ತು. ಅದೊಂದನ್ನೂ ಬಿಡಬಾರದೆಂದು ಈ ಸಲ ಮರದ ವ್ಯಾಪಾರಿ ಹಾರ್ಗ್ರೀವ್ ತಾನೇ ನಿಂತಿದ್ದ. ಎದುರಿಗೆ ನಿಂತವನು ಪತ್ರ ಬರೆಯುವ ನೋಟರಿ ವಾಲಿಕೆತ್. ನಾಲ್ಕು ದಿನದಿಂದ ಇಗರ್ಜಿಯ ಮುಂದಿನ ಅಟ್ಟಣಿಗೆಯ ಮೇಲೆ ಮತ ಬೀಳುತ್ತಿತ್ತು. ಜಮೀನಿದ್ದವನು ಮೆಟ್ಟಿಲು ಹತ್ತಿ, ಎಲ್ಲರಿಗೂ ಕೇಳುವಂತೆ ಒಂದು ಹೆಸರು ಹೇಳಬೇಕು. ಜನ ಬರುವವರೆಗೂ ಮತದಾನ ನಡೆಯುತ್ತದೆ. ಒಂದು ಗಂಟೆ ಯಾರೂ ಬಾರದೇ ಹೋದರೆ ಅಲ್ಲಿಗೆ ಮುಗಿಯಿತು.

ಹಾರ್ಗ್ರೀವ್ ಹನ್ನೊಂದು ಮತ ಮುಂದಿದ್ದ. ನದಿ ಬಿರಿದು ಆಚೆ ದಡದವರು ಅಲ್ಲೇ ಸಿಕ್ಕಿಕೊಂಡಿದ್ದರು. ಬೆಳಗಿನಿಂದ ಒನೆಸಿಮ್ ಈ ದಡದಲ್ಲಿ ಮತ ಹಾಕದೆ ಉಳಿದಿದ್ದ ತಮ್ಮವರನ್ನು ಕೂಡಿಟ್ಟುಕೊಂಡು, ಐವತ್ತೈದು ನಿಮಿಷಕ್ಕೊಬ್ಬನಂತೆ ಮೇಲೆ ಕಳಿಸುತ್ತಿದ್ದ.

"ಕೊನೆಯವನು ಯಾರು ಹೋದ?" ಲಿಯೊಕಾದಿ ಕೇಳಿದಳು.

ಇಬ್ಬರೂ ತಿರುಗಿ ನೋಡಿದರು.

"ಜೋಡು ಹೊಲಿಯೋ ಝೆನಾನ್. ಅವನು ಹೋಗಿ ಇಪ್ಪತ್ತು ನಿಮಿಷ ಆಯ್ತು. ಇನ್ನು ಉಳಿದಿರೋದು ನಲವತ್ತು. ನಾನು ಹೋಗಿ ದಾರಿ ತೋರಿಸಿ ಅವರನ್ನ ಕರ್ಕೊಂಡು ಬರೋಕೆ ಎರಡು ಗಂಟೆ ಬೇಕು. ಲೆಕ್ಕ ಕೂಡಲ್ಲ, ಗೊತ್ತು. ಆದ್ರೆ ಕೈ ಕಟ್ಕೊಂಡು ಕೂರೋಕಾಗಲ್ಲ ನಂಗೆ."

"ನಂದಿದೆಯಲ್ಲ."

"ಏನು ನಿಂದು?"

"ಓಟು."

 ಜಮೀನಿದ್ದವರಿಗೆ ಮತ ಎಂದು ಕಾನೂನು. ಅವರು ಗಂಡಸರೇ ಆಗಿರಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಪೇಟೆಗಳಲ್ಲಿ ವಿಧವೆಯರು ಮತ ಹಾಕಿದ್ದರು, ಪತ್ರಿಕೆಯಲ್ಲೂ ಬಂದಿತ್ತು. ಆನ್ಸೆಲ್ಮನ ಹೊಲ ಮದುವೆಯ ಕರಾರಿನ ಪ್ರಕಾರ ಅವಳ ಹೆಸರಿಗೆ ಬಂದಿತ್ತು. ಕಾಗದ ಬರೆದವನು ಇದೇ ವಾಲಿಕೆತ್.

"ತಾಯಿ ಮರಿಯಾ!" ಕಮ್ಮಾರ ಹಣೆ ಚಚ್ಚಿಕೊಂಡ. "ಪಟ್ಟಿ ಮಾಡ್ದೋನು ನಾನೇ. ಮನೆಮನೆ ಹತ್ತಿ ಮೂರು ಸಲ ಎಣಿಸ್ದೆ. ನಿಮ್ಮ ಮನೆ ಮುಂದೆ ನಿಂತು, ಆನ್ಸೆಲ್ಮ್ ಸತ್ತ ಅಂತ ಗೀಟು ಎಳ್ಕೊಂಡು ಹೋದೆ. ಕತ್ತೆ ನಾನು!"

"ದೋಣಿ ತಗೊಂಡು ಹೊರಡಣ್ಣ."

ಅವನು ಓಡಿದ. ದೋಣಿಯ ಅಡಿಗೆ, ಹಿಮದ ಮೇಲೆ ಜಾರಲೆಂದು, ಕಬ್ಬಿಣದ ಪಟ್ಟಿ ಬಡಿದುಕೊಟ್ಟವನು ಅವನೇ. ಅದು ಕಲ್ಲಿಗೆ ತಾಗಿ ಕಿರುಗುಟ್ಟುತ್ತ ದಡದ ಕಡೆ ಹೋಗುವುದು ಒಳಗೆ ಕೇಳಿಸಿತು. ಲಿಯೊಕಾದಿ ಕಪ್ಪು ಮುಸುಕನ್ನು ಗೂಟದಿಂದ ತೆಗೆದಳು. ಗಂಡ ಸತ್ತವಳು ಒಂದು ವರ್ಷ, ಅದರ ಮೇಲೊಂದು ದಿನದವರೆಗೆ ಅದನ್ನು ಹಾಕಿಕೊಳ್ಳಬೇಕು. ಇನ್ನು ಮೂರೂವರೆ ವಾರ ಉಳಿದಿತ್ತು.

"ಎಲ್ಲಿಗೆ?" ಅತ್ತೆಯ ಬೆರಳು ಜಪಮಾಲೆಯ ಮಣಿಯ ಮೇಲೆ ನಿಂತಿತು. "ಮುಸುಕು ಹಾಕ್ಕೊಂಡು ಗಂಡಸರ ಮಧ್ಯೆ ಅಟ್ಟ ಹತ್ತಿ ಕೂಗ್ತೀಯಾ? ನನ್ನ ಮಗ ಇದ್ದಿದ್ರೆ..."

"ನಿಮ್ಮ ಮಗ ಇದ್ದಾಗ ಏನು ಮಾಡಿದ್ರು ಅಂತ ನಿಮಗೂ ಗೊತ್ತು, ಅತ್ತೆ."

ಮೂರು ವರ್ಷದ ಹಿಂದೆ ಆನ್ಸೆಲ್ಮ್ ಅದೇ ಮೆಟ್ಟಿಲು ಹತ್ತಿ ಹಾರ್ಗ್ರೀವ್ ನಿಲ್ಲಿಸಿದ್ದವನ ಹೆಸರು ಹೇಳಿದ್ದ. ಹಾರ್ಗ್ರೀವ್‌ನ ಮೇಸ್ತ್ರಿ ಕೆಳಗೆ ನಿಂತು ನೋಡುತ್ತಿದ್ದ. ಬೇರೆ ಹೆಸರು ಹೇಳಿದವನಿಗೆ ಮರುದಿನ ತೆಪ್ಪದ ಮೇಲೆ ಕೆಲಸವಿಲ್ಲ. ಆನ್ಸೆಲ್ಮ್ ಮನೆಗೆ ಬಂದು, ಕೊಡದ ನೀರಿನ ಮೇಲಿನ ಮಂಜುಗಡ್ಡೆ ಒಡೆದು, ಮೂರು ಸಲ ಬಾಯಿ ಮುಕ್ಕಳಿಸಿದ್ದ. ಹೋದ ವರ್ಷ ನದಿಯ ಹಿಮಗಡ್ಡೆ ಪೂರ್ತಿ ಇಳಿಯುವ ಮೊದಲೇ ಹಾರ್ಗ್ರೀವ್ ದಿಮ್ಮಿಯ ತೆಪ್ಪ ಬಿಡಿಸಿದ. ನಾಲ್ಕನೆಯ ದಿನ ಆನ್ಸೆಲ್ಮ್ ದಿಮ್ಮಿ ತಡೆಯುವ ಸರಪಳಿಗೆ ಸಿಕ್ಕಿಕೊಂಡು ಹೆಣವಾಗಿ ಬಂದ. ಹಿಮ ಇಳಿಯುವವರೆಗೆ ತೆಪ್ಪ ಬಿಡಬಾರದು ಎಂಬ ಮಸೂದೆಯನ್ನು ಕೆಳಮನೆ ಒಮ್ಮೆ ಒಪ್ಪಿತ್ತು, ಮೇಲ್ಮನೆ ಬಿಸಾಕಿತ್ತು. ಮತ್ತೆ ತರುತ್ತೇನೆ ಎಂದು ವಾಲಿಕೆತ್ ಇಗರ್ಜಿಯ ಬಾಗಿಲಲ್ಲಿ ಮಾತು ಕೊಟ್ಟಿದ್ದ. ಅವನು ಸೋತರೆ ಅದನ್ನು ತರುವವರು ಯಾರೂ ಇರಲಿಲ್ಲ.

"ಓಕ್ ಮರದ ಪೆಟ್ಟಿಗೆ ಕಳಿಸಿದಾನೆ ಕಣೇ ಹಾರ್ಗ್ರೀವ್," ಅತ್ತೆ ಹೇಳಿದರು. ಅವರ ಧ್ವನಿ ಸಣ್ಣದಾಗಿತ್ತು. "ನನ್ನ ಮಗನ್ನ ಅದರಲ್ಲೇ ಮಲಗಿಸಿದ್ದು. ನಾವು ಬೇಡ ಅನ್ನಲಿಲ್ಲ. ಒಬ್ಬರ ಋಣ ಹೊತ್ಕೊಂಡು ಅವರಿಗೇ ಎದುರು ನಿಲ್ತಾರೇನೇ?"

ಲಿಯೊಕಾದಿ ಮುಸುಕು ಇಳಿಸಿಕೊಂಡು ಹೊರಟಳು. ಗಂಟೆ ತುಂಬುವ ಹೊತ್ತಿಗೇ ಮೇಲೆ ಹೋಗಬೇಕೆಂದು ಇಗರ್ಜಿಯ ಗೋಡೆಯ ಮರೆಯಲ್ಲಿ ಎರಡು ಜಪಮಾಲೆಯಷ್ಟು ಹೊತ್ತು ಕಾದಳು.

ಅಟ್ಟಣಿಗೆಯ ಸುತ್ತ ಹಾರ್ಗ್ರೀವ್‌ನ ತೆಪ್ಪದವರು ಇಪ್ಪತ್ತು ಮಂದಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು. ಒಬ್ಬೊಬ್ಬನ ಕೈಯಲ್ಲೂ ದೊಣ್ಣೆ. ಮೇಲೆ ಮೇಜಿನ ಮೇಲೆ ಚುನಾವಣಾಧಿಕಾರಿಯ ಜೇಬುಗಡಿಯಾರ ಬಾಯಿ ತೆರೆದು ಮಲಗಿತ್ತು. ಅಧಿಕಾರಿ ಊರಿನ ಮುದಿ ಡಾಕ್ಟರು. ಕಂಬಳಿ ಹೊದ್ದು ಮೂಗು ಒರೆಸಿಕೊಳ್ಳುತ್ತಿದ್ದರು. ಹಾರ್ಗ್ರೀವ್ ಕುರ್ಚಿಯಲ್ಲಿ ಕೂತು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಿದ್ದ. ಎದುರು ತುದಿಯಲ್ಲಿ ವಾಲಿಕೆತ್ ನದಿಯನ್ನೇ ನೋಡುತ್ತಿದ್ದ.

ತೆಪ್ಪದವರಲ್ಲಿ ಎತ್ತರದವನು ಗಾಸ್ಪಾರ್. ಆನ್ಸೆಲ್ಮನ ಜೊತೆ ಆರು ವರ್ಷ ಒಂದೇ ತೆಪ್ಪದ ಮೇಲೆ ಮಲಗಿದ್ದವನು.

"ದಾರಿ ತಪ್ತೇನಮ್ಮಾ? ಪಾದ್ರಿಗಳು ಆ ಬಾಗಿಲಲ್ಲಿ ಸಿಗ್ತಾರೆ," ಅಂದ. ಪಕ್ಕದವರು ನಕ್ಕರು.

ಅವಳು ಅವನ ಎದೆಯ ಮುಂದೆ ಬಂದು ನಿಂತಳು. ಮುಸುಕಿನೊಳಗಿನ ಮುಖದ ಗುರುತು ಅವನಿಗೆ ಆಗ ಸಿಕ್ಕಿತು.

ಮುಸುಕು ಹಾಕಿದ ವಿಧವೆ ಎದುರಿಗೆ ಬಂದರೆ ಟೋಪಿ ತೆಗೆದು ದಾರಿ ಬಿಡಬೇಕು. ಕುಡುಕನಾದರೂ ತೆಗೆಯುತ್ತಾನೆ, ಕಳ್ಳನಾದರೂ ತೆಗೆಯುತ್ತಾನೆ. ತೆಗೆಯದವನ ಹೆಣಕ್ಕೆ ಯಾರೂ ಟೋಪಿ ತೆಗೆಯುವುದಿಲ್ಲ ಎಂದು ಆ ನದಿಯವರ ನಂಬಿಕೆ. ಗಾಸ್ಪಾರ್ ಮೇಲಿದ್ದ ಹಾರ್ಗ್ರೀವ್‌ನ ಗುಮಾಸ್ತನ ಕಡೆ ಒಮ್ಮೆ ನೋಡಿದ. ಆಮೇಲೆ ದೊಣ್ಣೆಯನ್ನು ಕಂಕುಳಿಗೆ ಸಿಕ್ಕಿಸಿ ಟೋಪಿ ತೆಗೆದ. ಅವನ ಹಿಂದಿನವನೂ ತೆಗೆದ. ಒಬ್ಬನ ದೊಣ್ಣೆ ಮಂಜಿನ ಮೇಲೆ ಬಿತ್ತು; ಅವನು ಎತ್ತಿಕೊಳ್ಳಲಿಲ್ಲ.

"ಮೂರ್ಖರಾ, ತಡೀರೋ!" ಮೇಲಿಂದ ಹಾರ್ಗ್ರೀವ್‌ನ ಗುಮಾಸ್ತ ಟ್ವೀಡಿ ಕೂಗಿದ.

"ಬಂದು ನೀನೇ ತಡೆಯಪ್ಪಾ," ಗಾಸ್ಪಾರ್ ಹೇಳಿದ. "ನಮ್ಮಮ್ಮ ಇನ್ನೂ ಬದುಕಿದಾಳೆ. ಕೇಳಿದ್ರೆ ನನ್ನ ಚರ್ಮ ಸುಲೀತಾಳೆ."

ಲಿಯೊಕಾದಿ ಮೆಟ್ಟಿಲು ಹತ್ತಿದಳು. ಡಾಕ್ಟರು ಗಡಿಯಾರ ನೋಡಿದರು. ಐವತ್ತೇಳು ನಿಮಿಷ.

"ಏನಮ್ಮಾ?"

"ಓಟು ಹಾಕೋಕೆ ಬಂದೆ."

ಟ್ವೀಡಿ ನಕ್ಕ. "ಯಾರ ಹೆಂಡತಿ ಈಕೆ?"

"ಯಾರ ಹೆಂಡತಿಯೂ ಅಲ್ಲ. ನಿಮ್ಮ ಸಾಹೇಬರು ಬಿಟ್ಟ ತೆಪ್ಪಕ್ಕೆ ಹೋದ ವರ್ಷ ವಿಧವೆಯಾದೆ. ಹೊಲ ನನ್ನ ಹೆಸರಲ್ಲಿದೆ. ಕಾಗದ ಬರೆದವರು ಅಲ್ಲೇ ನಿಂತಿದ್ದಾರೆ, ಕೇಳಿ."

ಎಲ್ಲರೂ ವಾಲಿಕೆತ್‌ನ ಕಡೆ ತಿರುಗಿದರು. ಅವನ ಮುಖ ಕೆಂಪಾಯಿತು. ಹೌದು ಎಂದು ತಲೆಯಾಡಿಸಿದನೇ ಹೊರತು ಅವಳ ಕಣ್ಣು ನೋಡಲಿಲ್ಲ.

"ಪ್ರಮಾಣ ಮಾಡಿಸಿ! ಹೆಂಗಸರ ಓಟು ನಾವು ಒಪ್ಪಲ್ಲ, ಬರೀಬೇಡಿ ಡಾಕ್ಟರೇ!" ಟ್ವೀಡಿ ಕೂಗಿದ.

"ಕಾನೂನಲ್ಲಿ ಎಲ್ಲಿದೆ ತೋರಿಸಿ, ಬರೆಯಲ್ಲ," ಅಂದರು ಡಾಕ್ಟರು. ಅವರಿಗೆ ನೆಗಡಿ, ಯಾರ ಮೇಲೂ ಪ್ರೀತಿ ಉಳಿದಿರಲಿಲ್ಲ. ಬೈಬಲನ್ನು ಮುಂದಕ್ಕೆ ತಳ್ಳಿದರು.

ಅವಳು ಮುಸುಕು ಎತ್ತಿ ಪುಸ್ತಕಕ್ಕೆ ಮುತ್ತಿಟ್ಟಳು. ಅದು ಹಿಮದಷ್ಟೇ ತಣ್ಣಗಿತ್ತು. ಆಮೇಲೆ ಅಂಗಳದ ಕಡೆ ತಿರುಗಿ, ತೆಪ್ಪದವರಿಗೂ ಇಗರ್ಜಿಯ ಗೋಡೆಗೂ ಕೇಳುವಂತೆ, "ವಾಲಿಕೆತ್," ಅಂದಳು. ಅಷ್ಟು ಗಟ್ಟಿ ಧ್ವನಿ ತನ್ನಲ್ಲಿ ಉಳಿದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಡಾಕ್ಟರು ಬರೆದುಕೊಂಡರು. ಕಸುಬಿನ ಸಾಲಿಗೆ ಬಂದಾಗ ಲೇಖನಿ ನಿಂತಿತು. "ಏನು ಬರೀಲಿ?"

"ಹೊಲದ ಒಡತಿ."

ಗಡಿಯಾರ ಮತ್ತೆ ಮೊದಲಿಂದ ಶುರುವಾಯಿತು.

ಇಳಿಯುವಾಗ ವಾಲಿಕೆತ್ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಉಪಕಾರ ಆಯ್ತು ಮದಾಮ್. ಆದರೆ ನಾಳೆ ಜನ ಏನಂತಾರೋ, ಹೆಂಗಸಿನ ಸೆರಗು ಹಿಡಿದು ಗೆದ್ದ ಅಂತಾರೆ," ಅಂದ.

"ಮೊದಲು ಗೆಲ್ಲಿ."

ಏಳು ವರ್ಷದ ಮೇಲೆ ಅದೇ ಕೆಳಮನೆಯಲ್ಲಿ, ಹೆಂಗಸರು ಮತ ಹಾಕುವುದು ಸಭ್ಯತೆಯಲ್ಲ ಎಂದು ಅದನ್ನು ನಿಷೇಧಿಸುವ ಮಸೂದೆ ಬಂದಾಗ ವಾಲಿಕೆತ್ ಅದರ ಪರ ಕೈ ಎತ್ತಿದ. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಅವತ್ತು ಗೊತ್ತಿದ್ದದ್ದು ಒಂದೇ: ಇನ್ನೊಂದು ಗಂಟೆ ಸಿಕ್ಕಿದೆ, ಅದು ಸಾಲುವುದಿಲ್ಲ.

ಇಗರ್ಜಿಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಯಾವಾಗ ಬಂದರೋ. ಮಡಿಲಲ್ಲಿ ಜಪಮಾಲೆ. ಲಿಯೊಕಾದಿ ಹತ್ತಿರ ಹೋದಳು.

"ಅತ್ತೆ, ಜವುಗಿನ ಹೊಲ ನಿಮ್ಮ ತವರಿಂದ ಬಂದಿದ್ದು. ನಿಮ್ಮ ಹೆಸರಲ್ಲೇ ಇದೆ."

"ನಂಗೊತ್ತಿಲ್ವಾ? ಸುಮ್ಮನಿರು, ಮಣಿ ತಪ್ಪುತ್ತೆ."

ಲಿಯೊಕಾದಿ ಪಕ್ಕದಲ್ಲಿ ಕೂತಳು. ಒಂದು ಜಪಮಾಲೆ ಮುಗಿಯಿತು. ನದಿಯ ಮೇಲೆ ಏನೂ ಕಾಣಲಿಲ್ಲ. ಎರಡನೆಯದು ಮುಗಿಯಿತು. ಹಿಮಗಡ್ಡೆ ಎಲ್ಲೋ ಫಿರಂಗಿ ಹೊಡೆದ ಹಾಗೆ ಸಿಡಿಯಿತು; ಗಾಸ್ಪಾರ್ ಶಿಲುಬೆಯ ಗುರುತು ಮಾಡಿಕೊಂಡ. ಮೂರನೆಯದು ಮುಗಿಯುವಾಗ ಆಚೆ ದಡದ ಹತ್ತಿರ ಕಪ್ಪು ಚುಕ್ಕೆಗಳ ಸಾಲೊಂದು ಕಂಡಿತು. ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ದೋಣಿಗಳು; ಹಿಮದ ಮೇಲೆ ಅವನ್ನು ಎಳೆದುಕೊಂಡು ಬರುತ್ತಿದ್ದ ಆಚೆ ದಡದವರು. ಇನ್ನೂ ಬಹಳ ದೂರ. ಅಟ್ಟಣಿಗೆಯ ಮೇಲೂ ನೋಡಿದರು. ಟ್ವೀಡಿ ಗಡಿಯಾರದ ಪಕ್ಕದಿಂದ ಕದಲಲಿಲ್ಲ.

ನಾಲ್ಕನೆಯ ಜಪಮಾಲೆಯಲ್ಲಿ ಕೊನೆಯ ಹತ್ತು ಮಣಿ ಉಳಿದಾಗ ಅತ್ತೆ ಅಲ್ಲಿಗೇ ನಿಲ್ಲಿಸಿದರು. ಆ ಮಣಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಂಡಿ ಹಿಡಿದುಕೊಂಡು ಎದ್ದರು. ತೆಪ್ಪದವರು ಕೇಳುವ ಮೊದಲೇ ಟೋಪಿ ತೆಗೆದರು.

ಡಾಕ್ಟರು ಗಡಿಯಾರ ನೋಡಿದರು. ಐವತ್ತಾರು ನಿಮಿಷ.

"ನನ್ನ ಓಟು," ಅತ್ತೆ ಏದುಸಿರು ಬಿಡುತ್ತ ಅಂದರು, "ಹಾರ್ಗ್ರೀವ್ ಸಾಹೇಬರಿಗೆ."

ಕೆಳಗೆ ಯಾರೋ ಥೂ ಅಂದರು. ಲಿಯೊಕಾದಿ ಮುಸುಕಿನೊಳಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಟ್ವೀಡಿಯ ಧ್ವನಿ ಕೇಳಿ ತೆರೆದಳು.

"ತಾಯಿ, ತಾಯಿ, ಬೇಡ! ಒಂದೈದು ನಿಮಿಷ ತಾಳಿ, ಕೂತ್ಕೊಳ್ಳಿ, ನೀರು ಕುಡೀರಿ..." ಅವನು ಕುರ್ಚಿ ಎಳೆದು ತರುತ್ತಿದ್ದ.

"ಯಾಕಪ್ಪಾ? ನಿಮ್ಮ ಸಾಹೇಬರಿಗೆ ನನ್ನ ಓಟು ಬೇಡ್ವಾ?"

"ಬೇಕು ತಾಯಿ, ಬೇಕು. ಈಗಲೇ ಬೇಡ ಅಂತ."

"ನನ್ನ ಓಟು. ನಾನು ಬೇಕಾದಾಗ ಹಾಕ್ತೀನಿ. ಬರ್ಕೊಳ್ಳಿ ಡಾಕ್ಟರೇ."

ಯಾರ ಹೆಸರಿಗೆ ಬಿದ್ದರೂ ಮತ ಮತವೇ. ಬಿದ್ದರೆ ಗಂಟೆ ಮೊದಲಿಂದ ಶುರು. ಇದು ಮೊದಲು ಹೊಳೆದದ್ದು ಗಾಸ್ಪಾರ್‌ಗೆ. ಅವನು ಟೋಪಿಯನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದ. ಅವನ ಸಾಲಿಗೆ ಸಾಲೇ ನಕ್ಕಿತು. ಡಾಕ್ಟರು ಬರೆದು ಮುಗಿಸಿ, ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿಟ್ಟರು.

ಅತ್ತೆ ನಗಲಿಲ್ಲ. ಹಾರ್ಗ್ರೀವ್‌ನ ಕುರ್ಚಿಯ ಮುಂದೆ ಹೋಗಿ ನಿಂತರು. ಅವನು ಎದ್ದು ಟೋಪಿ ತೆಗೆಯಲೇಬೇಕಾಯಿತು.

"ಓಕ್ ಪೆಟ್ಟಿಗೆ ಕಳಿಸಿದ್ರಿ ಸಾಹೇಬ್ರೇ. ಆ ಋಣ ಇವತ್ತು ತೀರಿತು. ಇನ್ನು ನಮಗೂ ನಿಮಗೂ ಏನೂ ಇಲ್ಲ."

ಇಳಿದು ಬಂದು ಸೊಸೆಯ ತೋಳು ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಆ ನೋವು ಲಿಯೊಕಾದಿಗೆ ತಿಳಿಯಿತು. ಎಷ್ಟೋ ತಿಂಗಳಾಗಿತ್ತು ಮೈಗೆ ಏನಾದರೂ ತಿಳಿದು. ನದಿಯ ಮೇಲಿನ ಚುಕ್ಕೆಗಳಿಗೆ ಈಗ ಕೈಕಾಲು ಬಂದಿದ್ದವು. ಎಲ್ಲಕ್ಕಿಂತ ಮುಂದಿದ್ದ ದೋಣಿ ಆನ್ಸೆಲ್ಮನದು. ಒನೆಸಿಮ್ ಏನೋ ಕೂಗುತ್ತಿದ್ದ, ಕೇಳಿಸುತ್ತಿರಲಿಲ್ಲ.

"ರೊಟ್ಟಿ ಸೀದು ಇದ್ದಿಲಾಗಿರುತ್ತೆ," ಅತ್ತೆ ಅಂದರು.

"ಆಗಲಿ ಬಿಡಿ."

"ಆಗಲಿ. ಮೂವತ್ತು ಜನ ಬರ್ತಿದಾರೆ, ನಡಿ, ಬೇರೆ ಹಿಟ್ಟು ಕಲಸೋಣ."

ಹೆಬ್ಬೆರಳಡಿಯ ಮಣಿಯನ್ನು ಸಡಿಲಿಸಿ, ನಿಲ್ಲಿಸಿದಲ್ಲಿಂದಲೇ ಜಪ ಮುಂದುವರಿಸುತ್ತ ಅವರು ನಡೆದರು. ಲಿಯೊಕಾದಿ ಮುಸುಕನ್ನು ಎತ್ತಿ ಹಿಂದಕ್ಕೆ ಹಾಕಿಕೊಂಡಳು. ಮೂರೂವರೆ ವಾರ ಉಳಿದಿತ್ತು. ಯಾರೂ ಏನೂ ಅನ್ನಲಿಲ್ಲ.