ಕೊಲ್ಲಾಪುರಮ್ಮನ ಅಟ್ಟ

ಬೆಳಗ್ಗೆ ಎಂಟಕ್ಕೇ ಜೆಸಿಬಿ ಬಂದು ಕೊಲ್ಲಾಪುರಮ್ಮನ ಕೊಬ್ಬರಿ ಮನೆಯ ಮುಂದೆ ಸೊಂಡಿಲು ಮಡಚಿ ನಿಂತಿತು. ಅದರ ಹಿಂದೆ ಜೀಪಿನಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ಗಂಗಾಧರಯ್ಯ, ಟೆಂಪೋದಲ್ಲಿ ಹಂದನಕೆರೆ ಕಡೆಯ ಹತ್ತು ಕೂಲಿಯಾಳು. ಚರಂಡಿ ಕೇಳಿದಾಗ ಮೂರು ವರ್ಷ ತಲೆಹಾಕದ ಸರ್ಕಾರ, ನಲವತ್ತು ವರ್ಷ ಉತ್ತ ನೆಲವನ್ನು ಗೋಮಾಳವೆಂದು ಕಿತ್ತುಕೊಳ್ಳಲು ಹಾಲಿನ ವ್ಯಾನಿಗಿಂತ ಮೊದಲೇ ಬಂದಿತ್ತು. ಅವತ್ತೇ ಮಧ್ಯಾಹ್ನ ಹೈಕೋರ್ಟಿನಲ್ಲಿ ಕೊಲ್ಲಾಪುರಮ್ಮನ ತಡೆ ಅರ್ಜಿ ಇತ್ತು. ಅಷ್ಟರೊಳಗೆ ಕಟ್ಟಡ ನೆಲಸಮವಾದರೆ ತಡೆಯುವುದಕ್ಕೆ ಏನುಳಿಯುತ್ತದೆ? ಮನೆ ಬಿದ್ದರೆ ಅದರ ಬೆನ್ನಿಗೇ ತೋಟವೂ ಹೋಯಿತು.

ಅವಳು ಬಾಗಿಲಿಗೆ ಅಡ್ಡ ಮಲಗಲಿಲ್ಲ. ಹಾಗೆ ಮಲಗಿದವರನ್ನು ಎತ್ತಿ ವ್ಯಾನಿಗೆ ತುಂಬಿದ್ದನ್ನು ಪಕ್ಕದೂರಲ್ಲಿ ಕಣ್ಣಾರೆ ಕಂಡಿದ್ದಳು. ಬೀಗದ ಕೈಯನ್ನು ತಾನೇ ಕೊಟ್ಟಳು.

"ಒಡೀರಿ ಸ್ವಾಮಿ. ಒಳಗಿರೋ ಕಾಯಿ ಮಾತ್ರ ಕೆಡದಂಗೆ ಆಚೆ ಇಡಿಸಿ. ನಿಮ್ಮ ಆರ್ಡರಲ್ಲೇ ಬರ್ದದೆ."

ಬರೆದಿತ್ತು. ಊರ ಹೆಂಗಸರ ಭಾನುವಾರದ ಓದು ಕೂಟದಲ್ಲಿ ನೋಟೀಸನ್ನು ಅಕ್ಷರಕ್ಕಕ್ಷರ ಓದಿ ಆ ಸಾಲನ್ನು ಹೆಕ್ಕಿದವಳು ನೆರೆಮನೆಯ ಮಧುಶ್ರೀ, ನೊಣವಿನಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅದಾದ ಎರಡೇ ದಿನದಲ್ಲಿ ಊರಿನ ಹನ್ನೆರಡು ಅಟ್ಟಗಳು ಬರಿದಾಗಿ, ಅವುಗಳ ತೆಂಗಿನಕಾಯಿಯೆಲ್ಲ ಬಂದು ಇದೊಂದು ಅಟ್ಟ ತೊಲೆ ಬಾಗುವಂತೆ ತುಂಬಿತ್ತು.

ಗಂಗಾಧರಯ್ಯ ಕತ್ತೆತ್ತಿ ನೋಡಿದ. ಹೆಂಚಿನವರೆಗೂ ಕಾಯಿ. "ಎಷ್ಟಮ್ಮ ಇದು?"

"ಎಣಿಸಿಲ್ಲ ಸ್ವಾಮಿ. ದೃಷ್ಟಿ ಆಯ್ತದೆ."

ಮೇಸ್ತ್ರಿ ತಿಮ್ಮರಾಜು ಆಳುಗಳನ್ನು ಸಾಲು ನಿಲ್ಲಿಸಿದ. ನೀರಿರುವ ಕಾಯಿ, ಒಣಗಿದ ಕಾಯಿ ಬೇರೆ ಬೇರೆ ರಾಶಿ ಹಾಕಬೇಕೆಂದು ಜಗಳ ತೆಗೆಯಲು ಕೊಲ್ಲಾಪುರಮ್ಮ ಗಂಟಲು ಸರಿಮಾಡಿಕೊಂಡಳು. ಬೇಕಾಗಲಿಲ್ಲ. ಮೊದಲನೆಯವನು ಕಾಯಿ ಕೈಗೆತ್ತಿಕೊಂಡವನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವನ ಪಕ್ಕದವನೂ ಅಷ್ಟೇ. ಈ ಸೀಮೆಯ ಕೈ ಅದು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಕಾಯಿಯೊಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳದೆ ಕೆಳಗಿಡುವುದು ಅದಕ್ಕೆ ಗೊತ್ತಿಲ್ಲ.

"ನೀರೈತೆ ಕಣ್ಲಾ ಇದ್ರಲ್ಲಿ."

"ನೀರಿರೋದು ನಿನ್ನ ಕಿವೀಲಿ. ಗಡಗಡ ಅಂತದೆ, ಸರಿಯಾಗಿ ಕೇಳು."

ಮೂರನೆಯವನು ತೀರ್ಪಿಗೆ ಬಂದ. ಅವನಿಗೆ ನಾಲ್ಕನೆಯವನ ತಕರಾರು.

"ಸಂಗೀತ ಕೇಳೋಕೆ ಕರ್ಕೊಂಡ್ ಬಂದಿಲ್ಲ ನಿಮ್ಮನ್ನ," ಎಂದ ಗಂಗಾಧರಯ್ಯ. "ಸುಮ್ನೆ ಎಸೀರಿ."

"ಬೆರೆಸಿ ಹಾಕಿದ್ರೆ ನಮ್ಮೂರಲ್ಲಿ ಹೆಣ್ಣು ಕೊಡಕಿಲ್ಲ ಸಾರ್," ಎಂದ ತಿಮ್ಮರಾಜು, ಇನ್ನೊಂದನ್ನು ಅಲ್ಲಾಡಿಸುತ್ತ.

ಹನ್ನೆರಡಕ್ಕೆ ಹೆಂಗಸರು ಮುದ್ದೆ, ಉಪ್ಸಾರು ಬಡಿಸಿದರು. ಜೆಸಿಬಿಯವನು ಎರಡು ಮುದ್ದೆ ಉಂಡು ಹಲಸಿನ ನೆರಳಲ್ಲಿ ಗೊರಕೆ ಹೊಡೆದ. ಎರಡೂವರೆಗೆ ಅಟ್ಟ ಅರ್ಧ ಬರಿದಾಗಿತ್ತು. ಕೊಲ್ಲಾಪುರಮ್ಮ ಉಳಿದ ಕಾಯಿಯನ್ನು ಕಣ್ಣಲ್ಲೇ ಅಳೆದಳು. ಕೋರ್ಟಿನ ಸುದ್ದಿ ಬರಬೇಕಿದ್ದ ಮಧುಶ್ರೀಯ ಫೋನು ಇನ್ನೂ ಮಾತಾಡಿರಲಿಲ್ಲ.

ಗಂಗಾಧರಯ್ಯನಿಗೆ ಮೇಲಿನಿಂದ ಎರಡು ಸಲ ಬೈಗುಳ ಬಂದಿತ್ತು. "ಹಿಂಗೆ ಎಸೀರೋ," ಎಂದು ತಾನೇ ಒಂದು ಕಾಯಿ ಹಿಡಿದು ಕೈ ಬೀಸಿದ. ಕೈ ಮೇಲಕ್ಕೇನೋ ಹೋಯಿತು, ಕಿವಿಯ ಹತ್ತಿರ ಹೋಗಿ ನಿಂತಿತು. ಅದೂ ಇದೇ ಸೀಮೆಯ ಬಿಳಿಗೆರೆಯಲ್ಲಿ ಹುಟ್ಟಿದ ಕೈ. ಅಂಗಳವೆಲ್ಲ ಅವನನ್ನೇ ನೋಡಿತು.

"ನೀರೈತೆ," ಎಂದು ಮೆಲ್ಲಗೆ ಹೇಳಿ ಸರಿಯಾದ ರಾಶಿಗೇ ಇಟ್ಟ.

ಹೆಂಗಸರು ಸೆರಗು ಬಾಯಿಗೊತ್ತಿಕೊಂಡರೂ ನಗು ನಿಲ್ಲಲಿಲ್ಲ. ಅವನೂ ನಕ್ಕುಬಿಟ್ಟ.

ಮೂರೂವರೆಗೆ ಕೊಲ್ಲಾಪುರಮ್ಮನ ಲಾಯರ್ ಕಾಂತೇಶ್ ಹೈಕೋರ್ಟಿನಿಂದ ಫೋನು ಮಾಡಿದ. ಯಥಾಸ್ಥಿತಿ ಕಾಪಾಡಬೇಕೆಂಬ ತಡೆಯಾಜ್ಞೆ ಸಿಕ್ಕಿತ್ತು, ಅದರ ಪ್ರತಿಯೂ ಮೊಬೈಲಿಗೆ ಬಂತು. ಮಧುಶ್ರೀ ಮೊಬೈಲನ್ನು ಗಂಗಾಧರಯ್ಯನ ಮುಂದೆ ಹಿಡಿದಳು. ಕೊಲ್ಲಾಪುರಮ್ಮ ಅಲ್ಲೇ ಕಾಯಿ ರಾಶಿಯ ಮೇಲೆ ಕುಸಿದು ಕೂತಳು, ಕಣ್ಣೊರೆಸಿಕೊಂಡಳು.

"ಸರಿ, ನಡೀರಿ," ಎಂದು ಅವನು ಫೈಲು ಮಡಚಿದ.

"ಎಲ್ಲಿಗೆ ಸ್ವಾಮಿ?" ಕೊಲ್ಲಾಪುರಮ್ಮ ಎದ್ದು ನಿಂತಳು. "ಹೆಂಗಿತ್ತೋ ಹಂಗೇ ಇರ್ಬೇಕು ಅಂತ ತಾನೇ ಕೋರ್ಟು ಹೇಳಿರೋದು? ಬೆಳಗ್ಗೆ ನೀವು ಬಂದಾಗ ಕಾಯಿ ಅಟ್ಟದ ಮ್ಯಾಲಿತ್ತು."

ಗಂಗಾಧರಯ್ಯ ಮೊಬೈಲು ಇಸಿದುಕೊಂಡು ಇನ್ನೊಂದು ಸಲ ಓದಿದ. ಅಷ್ಟರಲ್ಲಿ ತಿಮ್ಮರಾಜು ಏಣಿ ಹತ್ತಿ ಕೈ ಚಾಚಿದ್ದ.

"ಒಣಗಿದ್ದನ್ನ ಮೊದಲು ಕೊಡ್ರಲಾ."