ಕೆಳಗಿನವನ ಆಯ್ಕೆ

"ಇದರ ಇನ್ನೊಂದು ಹಿಡಿಕೆ ಎಲ್ಲಿ?"

ಕೆರಿಯಪ್ಪ ಕೇಳಿದ್ದು ಯಾರನ್ನೂ ಅಲ್ಲ. ಬಿಳಗಿಯ ಚೌಡನ ಅಂಗಳದಲ್ಲಿ ಆಗ ನರಪಿಳ್ಳೆಯೂ ಇರಲಿಲ್ಲ. ನೀಲಿ ತಾಡಪತ್ರಿಯ ಅಂಚು ಎತ್ತಿ ನಿಂತಿದ್ದ ಅವನೆದುರು ಹೊಸ ಮಿಷನ್ನು ಮಲಗಿತ್ತು. ಕಿತ್ತಳೆ ಬಣ್ಣದ ಚೈನ್ ಗರಗಸ, ಅದನ್ನು ದಿಮ್ಮಿಯ ಮೇಲೆ ಜಾರಿಸಿ ಹಲಗೆ ಕೊಯ್ಯಲು ಏಣಿಯಂಥ ಕಬ್ಬಿಣದ ಚೌಕಟ್ಟು. ಹಿಡಿಯಲು ಒಬ್ಬನ ಎರಡು ಕೈಗೆ ಮಾತ್ರ ಜಾಗ.

ಇಪ್ಪತ್ತೆಂಟು ವರ್ಷ ಚೌಡ ಮೇಲೆ, ಕೆರಿಯಪ್ಪ ಕೆಳಗೆ. ಊರಲ್ಲಿ ಯಾರ ಹಿತ್ತಲಿನ ಹಲಸೋ ಮಾವೋ ಬಿದ್ದರೆ ಅಟ್ಟಣೆ ಕಟ್ಟಿ, ದಿಮ್ಮಿ ಏರಿಸಿ, ಆಳುದ್ದದ ಗರಗಸದ ಒಂದೊಂದು ತುದಿ ಹಿಡಿಯುತ್ತಿದ್ದರು. ಮೇಲಿನವನಿಗೆ ಇದ್ದಿಲ ನೂಲಿನಿಂದ ಹೊಡೆದ ಗೆರೆ ಕಾಣುತ್ತದೆ. ಕೆಳಗಿನವನಿಗೆ ಕಾಣುವುದು ಉದುರುವ ಹೊಟ್ಟು ಮಾತ್ರ; ಮೇಲಿನವ ಎತ್ತ ಒಯ್ದರೆ ಅತ್ತ ಎಳೆಯಬೇಕು. ಶುರುವಿಗೆ ಮೊದಲು ಕೆರಿಯಪ್ಪ ದಿಮ್ಮಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ ಸಂಜೆತನಕ ಚೌಡನನ್ನು ನಂಬುತ್ತಿದ್ದ.

ಕಳೆದ ವರ್ಷ ಚೌಡನ ಭುಜ ಸೋತಿತು.

"ಸಣ್ಣದೊಂದು ಮಿಷನ್ ತಗಳನ ಮಾರಾಯಾ. ವರ್ಷಕ್ಕೆ ಐದಾರು ಮರ ಕೊಯ್ಯೋರು ನಾವು, ದೊಡ್ಡದು ಎಂತಕೆ? ಇಬ್ರೂ ಸೇರಿ ತಗಳನ. ಯಾವುದು ಅಂತ ನೀನೇ ನೋಡು. ಹೊಟ್ಟು ತಿಂದವ ನೀನು," ಎಂದಿದ್ದ.

ಕೆರಿಯಪ್ಪ ಅದನ್ನು ಹರಕೆ ಹೊತ್ತವನ ಹಾಗೆ ಮಾಡಿದ. ಬಸ್ಸು ಹಿಡಿದು ನಂದೊಳ್ಳಿಗೆ ಹೋಗಿ ಒಬ್ಬರ ಹಿತ್ತಲಲ್ಲಿ ಚೈನ್ ಗರಗಸ ಓಡುವುದನ್ನು ಅರ್ಧ ದಿನ ನೋಡಿದ. ಭೈರುಂಬೆಯಲ್ಲಿ, ಎರಡು ಗಾಲಿಗಳ ಮೇಲೆ ತೆಳು ಉಕ್ಕಿನ ಪಟ್ಟಿ ಸುತ್ತುವ ಪಟ್ಟಿ ಗರಗಸ ಇಟ್ಟವರ ಮನೆಗೆ ಎರಡು ಸಲ ಹೋದ. ಎರಡೂ ಕಡೆಯಿಂದ ಒಂದೊಂದು ಮುಷ್ಟಿ ಹೊಟ್ಟು ಕಟ್ಟಿ ತಂದು ಚೌಡನ ಜಗಲಿಯ ಮೇಲೆ ಸುರಿದ. ನಂದೊಳ್ಳಿಯದು ಅಕ್ಕಿನುಚ್ಚಿನ ಹಾಗೆ, ಭೈರುಂಬೆಯದು ರಾಗಿಹಿಟ್ಟಿನ ಹಾಗೆ.

"ಕಂಡ್ಯಾ? ಚೈನು ಒಂದೊಂದು ಕೊಯ್ತಕ್ಕೂ ಕಿರುಬೆರಳು ದಪ್ಪ ಮರ ತಿಂತದೆ. ನಾಕು ಸಲ ಕೊಯ್ದ್ರೆ ಒಂದು ಹಲಗೆ ಹೊಟ್ಟಾಗಿ ಹೋತು. ಪಟ್ಟಿ ತಿನ್ನೂದು ಬೆಂಕಿಕಡ್ಡಿಯಷ್ಟೇ. ಆದ್ರೆ ಅದಕ್ಕೆ ಇಬ್ರು ಬೇಕು, ಒಬ್ಬ ನೂಕಕೆ, ಒಬ್ಬ ಹಲಗೆ ಹಿಡಿಯಕೆ. ನಾವು ಹೆಂಗೂ ಇಬ್ರಲ."

"ಪಟ್ಟಿದೇ ಆಗ್ಲಿ. ಸೋಮವಾರ ಶಿರಸಿಗೆ ಒಟ್ಟಿಗೇ ಹೋಗನ," ಎಂದು ಚೌಡ ಒಪ್ಪಿದ್ದ.

ಇವತ್ತಿನ್ನೂ ಶನಿವಾರ.

ಚೌಡನ ಹೆಂಡತಿ ತಿಮ್ಮಿ ನೀರು ಬೆಲ್ಲ ಹಿಡಿದು ಹೊರಬಂದಳು.

"ಕೆರಿಯಣ್ಣ ಯಾವಾಗ ಬಂದ್ರಾ? ಗುರುವಾರನೇ ತಂದ್ರಲ ಇದನ್ನ. 'ಎಷ್ಟು ಜನ ಕೆಲಸ ಮಾಡ್ತೀರಿ?' ಅಂತ ಅಂಗಡಿಯವ ಕೇಳಿದ್ನಂತೆ. 'ನಾನೊಬ್ನೇ. ಕೆಳಗಿನವ ಯಾರಾದ್ರೂ ಆಗ್ತದೆ' ಅಂದ್ರಂತೆ ಇವ್ರು!" ಎಂದು ನಕ್ಕಳು. ಅವಳಿಗೇನೂ ಗೊತ್ತಿರಲಿಲ್ಲ, ಪಾಪ.

ಕೆರಿಯಪ್ಪ ನೀರು ಕುಡಿದ. ಬೆಲ್ಲ ಬಾಯಿಗೆ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಚೌಡನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನೋಡಬೇಕೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಹಿತ್ತಲಿನಿಂದ ಬಂದ ಚೌಡ ಎತ್ತಿದ ತಾಡಪತ್ರಿ ಕಂಡು ಒಂದು ಕ್ಷಣ ನಿಂತ. ಆಮೇಲೆ ಜೋರಾಗಿ ನಕ್ಕ.

"ಓಹೋ, ನೋಡಿಯೇ ಬಿಟ್ಯಾ! ನೀ ಬಯ್ತೆ ಅಂತ್ಲೇ ಹೇಳ್ಲಿಲ್ಲ ಮಾರಾಯಾ. ನಿನ್ನ ರಾಗಿಹಿಟ್ಟಿನ ಮಿಷನ್ನಿಗೆ ಯಾವಾಗ್ಲೂ ಇಬ್ರು ಬೇಕು. ನಿಂಗೆ ನಾಟಿ ಇದ್ದಾಗ, ಪೂಜೆ ಇದ್ದಾಗ ನಾ ಕಾಯ್ತಾ ಕೂರ್ಲಾ?"

"ಎಷ್ಟು ದಿನ ಕಾಯ್ಸಿದ್ದೆ ನಾ ನಿನ್ನ?"

ಚೌಡ ಬಗ್ಗಿ ಮಿಷನ್ನಿನ ಮುಚ್ಚಳ ಒರೆಸಿದ.

"ಅದೆಲ್ಲ ಬಿಡಾ. ನಾಳೆ ಆಚೆಮನೆ ಪ್ರಮೋದನ ಮನೇಲಿ ಮೊದಲ ಕೊಯ್ತ. ದಿಮ್ಮಿ ಮಗುಚಕೆ, ಹಲಗೆ ಎಳೆಯಕೆ ಒಬ್ಬರಾದ್ರೂ ಬೇಕೇ ಬೇಕು. ಬೆಳಿಗ್ಗೆ ಏಳಕ್ಕೆ ಬಾ. ಸಂಬಳ ಕೊಡ್ತೆ."

ಕೆರಿಯಪ್ಪ ಬೆಲ್ಲದ ತುಂಡನ್ನು ಜಗಲಿಯ ಮೇಲಿಟ್ಟು ಚಪ್ಪಲಿ ಮೆಟ್ಟಿದ.

"ಬರೂದಿಲ್ಲ," ಎಂದ. "ನಾಳೆನೂ ಇಲ್ಲ, ಮುಂದೆನೂ ಇಲ್ಲ."